ಗಾಡಿ ಬಿಡ್ರಿ

ಮಿಸ್ತ್ರಿಯ ಎಡಗಿವಿಯ ಸುತ್ತ ಸದಾ ಒಂದು ಕಪ್ಪು ಉಂಗುರ ಇರುತ್ತಿತ್ತು. ಚಾಲೂ ಇರುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಿಡಿಯ ಎಣ್ಣೆ ಅಂಟಿ ಅಂಟಿ ಅದು ಚರ್ಮದ ಬಣ್ಣವೇ ಆಗಿಹೋಗಿತ್ತು. ಆಗ ಗ್ಯಾರೇಜಿನಲ್ಲಿ ಯಾರೂ ಮಾತಾಡಬಾರದು. ನಾನೊಮ್ಮೆ ಫೋನಿನಲ್ಲಿ ಹರಟುತ್ತಿದ್ದಾಗ ಕಣ್ಣು ತೆರೆಯದೆಯೇ, "ಸಾಹೇಬ್ರ, ಅದು ಮಾತಾಡಾಕತ್ತದ. ನೀವು ಸುಮ್ಕಿರ್ರಿ" ಎಂದಿದ್ದರು.

ಅವರು ವಿಜಯಪುರದ ಕಡೆಯವರು. ಹರೆಯದಲ್ಲಿ ಮರಾಠಿ ಸೀಮೆಗೆ, ಪಿಂಪ್ರಿಯ ಕಾರ್ಖಾನೆಯೊಂದಕ್ಕೆ ಬಂದು, ಆಮೇಲೆ ಚಿಂಚವಾಡದಲ್ಲಿ ಸ್ವಂತ ಗ್ಯಾರೇಜು ಹಾಕಿದ್ದರು. ನಾನು ಮಂಡ್ಯದವನು, ಹಿಂಜವಾಡಿಯಲ್ಲಿ ಕೆಲಸ. ಹತ್ತು ವರ್ಷ ಹಳೆಯದಾದ ಒಂದು ಭಾರಿ ವಿದೇಶಿ ಕಾರು ಹೊಸ ಸಣ್ಣ ಕಾರಿನ ಬೆಲೆಗೆ ಸಿಕ್ಕಿತೆಂದು ಕೊಂಡು ಬೀಗುತ್ತಿದ್ದೆ. ಅದನ್ನು ಮೊದಲ ಸಲ ನೋಡಿದಾಗಲೇ ಮಿಸ್ತ್ರಿ ನಕ್ಕರು. "ಕಾರಿನ ರೇಟ್ ಇಳದದ್ರಿ. ಪಾರ್ಟಿನ ರೇಟ್ ಇಳದಿಲ್ಲ. ಅದು ಇನ್ನೂ ಸಾಹುಕಾರರ ಮನ್ಯಾಗ ಅದ."

ಮಾತು ಸುಳ್ಳಾಗಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಸಸ್ಪೆನ್ಷನ್ನಿನ ಗಾಳಿ ಸೋರಿ ಕಾರು ಒಂದು ಮೂಲೆಗೆ ಕುಕ್ಕರಿಸಿರುತ್ತಿತ್ತು. ಸನ್‌ರೂಫಿನ ನೀರು ಹೋಗುವ ದಾರಿ ಕಟ್ಟಿಕೊಂಡು ಮೊದಲ ಮಳೆಗೇ ಸೀಟು ನೆನೆಯಿತು. ಇಳಿದ ಕಿಟಕಿ ಏರಲಿಲ್ಲ. ಅದಕ್ಕೆ ಶೋರೂಮಿನವರು ಹೇಳಿದ ಮೊತ್ತ ಕೇಳಿ ನನ್ನ ಹೆಂಡತಿ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಮಿಸ್ತ್ರಿ ಬಾಗಿಲು ಬಿಚ್ಚಿ, ಮುರಿದಿದ್ದ ಒಂದೇ ಒಂದು ಪ್ಲಾಸ್ಟಿಕ್ ತುಣುಕು ಬದಲಿಸಿ ಕೈ ಒರೆಸಿಕೊಂಡರು. ಇಲ್ಲಿ ನೆಲೆಸಿದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವರನ್ನು ಹೊಗಳಿ ಬರೆದವನು ನಾನೇ. ನನ್ನಂತೆಯೇ ಹಳೇ ದೊಡ್ಡ ಕಾರು ಕೊಂಡು ಪೇಚಾಡುತ್ತಿದ್ದ ಏಳೆಂಟು ಜನ ಅವರ ಗಿರಾಕಿಗಳಾದರು.

ನಮ್ಮಿಬ್ಬರ ಕನ್ನಡ ಬೇರೆ ಬೇರೆ. ರಿಪೇರಿ ಮುಗಿಸಿ ಬೀಗದ ಕೈ ಕೊಡುವಾಗಲೆಲ್ಲ "ಸಾವಕಾಶ ಹೊಡೀರಿ" ಎನ್ನುತ್ತಿದ್ದರು. "ಪಾಪ, ಕಾರು ಏನು ತಪ್ಪು ಮಾಡಿದೆ, ಅದನ್ನು ಯಾಕೆ ಹೊಡೀಬೇಕು?" ಎಂದು ನಾನು ರೇಗಿಸುತ್ತಿದ್ದೆ. ಅವರೇನು ಕಡಿಮೆಯವರಲ್ಲ. "ನೀವು ಓಡಿಸ್ತೀನಿ ಅಂತೀರಲ್ರಿ, ಪೊಲೀಸರು ಕಳ್ಳನ್ನ ಓಡಿಸಿದಂಗ!" ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು.

ಕಳೆದ ವರ್ಷದ ಮಳೆಗಾಲದಲ್ಲಿ ಒಮ್ಮೆ ಬಾನೆಟ್ಟಿನೊಳಗೆ ಬಗ್ಗಿ ನೋಡಿ, "ನೀರಿನ ಡಬ್ಬಿ ಸೀಳಾಕತ್ತದ್ರಿ. ಪ್ಲಾಸ್ಟಿಕ್ ಅದಲ್ಲ, ವಯಸ್ಸಾತು. ಈ ತಿಂಗಳ ಹಾಕಿಸಿಬಿಡ್ರಿ" ಎಂದರು. ಎಂಜಿನ್ನು ತಂಪಾಗಿಡುವ ನೀರಿನ ಡಬ್ಬಿ ಅದು. ಆಗಷ್ಟೇ ಸಸ್ಪೆನ್ಷನ್ನಿಗೆ ದುಡ್ಡು ಸುರಿದಿದ್ದ ನಾನು ಮುಂದಿನ ತಿಂಗಳು ನೋಡೋಣ ಎಂದೆ.

ಮುಂದಿನ ತಿಂಗಳು ಒಂದು ಭಾನುವಾರ ಹೆಂಡತಿ, ಮಗಳನ್ನು ಕೂರಿಸಿಕೊಂಡು ಸೀತಾಫಲ ತರಲೆಂದು ಸಾಸವಡಕ್ಕೆ ಹೊರಟೆ. ಘಾಟಿಯ ಅರ್ಧ ಹತ್ತುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಪಕ್ಕಕ್ಕೆ ನಿಲ್ಲಿಸಿ ಮಿಸ್ತ್ರಿಗೆ ಫೋನ್ ಮಾಡಿದೆ. ಲಾರಿಗಳ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. "ಗಾಡಿ ಬಿಡ್ರಿ, ಸಾಹೇಬ್ರ! ಗಾಡಿ ಬಿಡ್ರಿ ಅಂದೆ!" ಎಂದು ಅವರು ಕೂಗಿದ್ದಂತೂ ಸ್ಪಷ್ಟವಾಗಿ ಕೇಳಿತು. ನಮ್ಮ ಮಂಡ್ಯದ ಕಡೆ ಸೈಕಲ್ ಬಿಡುತ್ತೇವೆ, ಸ್ಕೂಟರ್ ಬಿಡುತ್ತೇವೆ, ಕಾರನ್ನೂ ಬಿಡುತ್ತೇವೆ. ಬಿಡುವುದೆಂದರೆ ಓಡಿಸುವುದು. ನಾನು ಬಿಟ್ಟೆ. ಘಾಟಿಯ ನೆತ್ತಿ ಮುಟ್ಟುವ ಮೊದಲೇ ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದು ಎಂಜಿನ್ನು ನಿಂತುಹೋಯಿತು.

ಕಾರನ್ನು ಎಳೆಸಿಕೊಂಡು ಚಿಂಚವಾಡಕ್ಕೆ ಹೋದೆ. ಎಂಜಿನ್ನಿನ ಹೆಡ್ಡು ಕಾದು ಸೊಟ್ಟಗಾಗಿತ್ತು. ರಿಪೇರಿಗೆ ಕಾರಿಗೆ ಕೊಟ್ಟಿದ್ದರ ಅರ್ಧಕ್ಕಿಂತ ಹೆಚ್ಚು ಬೇಕಿತ್ತು. ಗ್ಯಾರೇಜಿನಲ್ಲಿ ನಮ್ಮ ಗುಂಪಿನವರೇ ಇಬ್ಬರು ಇದ್ದರು. ಅವರೆದುರಿಗೇ ಕೂಗಾಡಿದೆ. "ನೀವೇ ತಾನೇ ಬಿಡಿ ಅಂದಿದ್ದು? ಹೇಳಿ, ಅಂದ್ರೋ ಇಲ್ವೋ?"

ಮಿಸ್ತ್ರಿ ಗಲಿಬಿಲಿಗೊಂಡು ನೋಡಿದರು. "ಹೌದ್ರಿ, ಬಿಡ್ರಿ ಅಂದೆ. ಮತ್ತ..."

"ಬಿಟ್ಟೆ! ಅದಕ್ಕೇ ಹೀಗಾಯ್ತು!"

ಅವರು ನನ್ನ ಮುಖವನ್ನೊಮ್ಮೆ ನೋಡಿ ಬಾನೆಟ್ಟು ಮುಚ್ಚಿದರು. ನಾನು ಮನೆಗೆ ಬಂದು ಗುಂಪಿನಲ್ಲಿ ಬರೆದೆ: ಮಿಸ್ತ್ರಿ ಓಡಿಸಿ ಅಂದರು, ಓಡಿಸಿದೆ, ಎಂಜಿನ್ ಹೋಯ್ತು, ಎಲ್ಲರೂ ಹುಷಾರು. ಅವರು ಆಡಿಕೊಂಡು ನಗುತ್ತಿದ್ದ ಮಾತನ್ನೇ ಅವರ ಬಾಯಿಗೆ ತುರುಕಿದ್ದೆ. ಕಾರನ್ನು ಗುಜರಿಯವರಿಗೆ ಕೊಟ್ಟೆ.

ನಾಲ್ಕು ತಿಂಗಳಾದ ಮೇಲೆ, ಪಕ್ಕದ ಮೇಜಿನ ಕಲಬುರಗಿಯ ಸಹೋದ್ಯೋಗಿಯ ಹೆಂಡತಿಯ ಸ್ಕೂಟರ್ ದಾರಿಯಲ್ಲಿ ಕೆಟ್ಟಿತು. ಆತ ಫೋನಿನಲ್ಲಿ ಹೇಳುತ್ತಿದ್ದ: "ಗಾಡಿ ಬಿಡು. ಅಲ್ಲೇ ಬಿಟ್ಟು ರಿಕ್ಷಾದಾಗ ಬಾ." ಓಡಿಸಿ ಎನ್ನುವುದಾಗಿದ್ದರೆ ಮಿಸ್ತ್ರಿ ಹೊಡೀರಿ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು. ಆ ಮಾತಿಗೇ ಅಲ್ಲವೇ ಅವರನ್ನು ಅಷ್ಟು ದಿನ ರೇಗಿಸಿದ್ದು?

ಆ ಶನಿವಾರವೇ ಗ್ಯಾರೇಜಿಗೆ ಹೋದೆ. ಅವರು ಒಂದು ಹಳೇ ಟೆಂಪೋದ ಚಕ್ರ ಬಿಚ್ಚುತ್ತಿದ್ದರು. ದೊಡ್ಡ ಕಾರು ಒಂದೂ ಇರಲಿಲ್ಲ. ನಾನು ತಡವರಿಸುತ್ತ ಎಲ್ಲ ಹೇಳಿದೆ.

"ನೀವು 'ಬಿಟ್ಟೆ' ಅಂತ ಒದರಿದ್ರಲ್ಲ, ಆವತ್ತ ತಿಳೀತ್ರಿ ನನಗ" ಎಂದರು.

"ಮತ್ತೆ ಆವಾಗಲೇ ಯಾಕೆ ಹೇಳಲಿಲ್ಲ?"

"ಕೇಳೂ ಹಂಗ ಇದ್ರೇನು ನೀವು? ಬಿಡ್ರಿ, ಆಗಿದ್ದಾತು." ಚಹಾ ತರಿಸಿದರು. ಎದ್ದು ಹೊರಟಾಗ ಮಾತ್ರ ಸಂಕೋಚಪಡುತ್ತ ಕೇಳಿದರು: "ನಿಮ್ಮ ಗ್ರೂಪಿನ್ಯಾಗ ಒಂದು ಮಾತು ಹಾಕ್ರಿ, ಸಾಹೇಬ್ರ. ಗಿರಾಕಿ ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ಹೆಸರು ಕೆಟ್ಟದ್ದು ಭಾಳ ಹತ್ತೇದ ಮನಸಿಗೆ."

ಇವತ್ತೇ ಹಾಕುತ್ತೇನೆ ಎಂದು ಬಂದೆ. ಹಾಕಲಿಲ್ಲ. ಬರೆಯಲು ಕೂತಾಗಲೆಲ್ಲ ನಾಚಿಕೆಯಾಗುತ್ತಿತ್ತು. ಒಂದು ಕನ್ನಡ ಮಾತು ತಿಳಿಯದೆ ಎಂಜಿನ್ ಸುಟ್ಟುಕೊಂಡವನೆಂದು ಜನ ನಗುತ್ತಾರೆಂದು, ಎರಡು ಸಾಲು ಬರೆದು ಅಳಿಸಿದೆ. ಮುಂದಿನ ವಾರ ಎಂದುಕೊಂಡೆ. ಹೀಗೆ ಐದು ವಾರ ಕಳೆಯಿತು.

ಆರನೆಯ ವಾರ ಗುಂಪಿನಲ್ಲಿ ಯಾರೋ ಬರೆದರು: ಚಿಂಚವಾಡದ ಮಿಸ್ತ್ರಿ ಹೃದಯಾಘಾತದಿಂದ ತೀರಿಕೊಂಡರಂತೆ. ಅದರ ಕೆಳಗೇ ಇನ್ನೊಬ್ಬರ ಪ್ರಶ್ನೆ: "ಯಾರು, ಓಡಿಸಿ ಅಂತ ಹೇಳಿ ಎಂಜಿನ್ ಹಾಳು ಮಾಡಿದ್ರಲ್ಲ, ಅವರಾ?"

ನಾನು ಕೂತಲ್ಲೇ ಎಲ್ಲವನ್ನೂ ಬರೆದೆ. ಅವರು ಕಾರನ್ನು ಅಲ್ಲೇ ಬಿಟ್ಟು ಬನ್ನಿ ಅಂದಿದ್ದರು, ತಪ್ಪು ನನ್ನದು, ಅವರ ಮಾತು ಅರ್ಥ ಮಾಡಿಕೊಳ್ಳದೆ ಅವರ ಹೆಸರು ಕೆಡಿಸಿದವನು ನಾನು. ಬರೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಯಾರೂ ನಗಲಿಲ್ಲ. ಒಂದಷ್ಟು ಜನ ಕೈಮುಗಿದ ಚಿತ್ರ ಹಾಕಿದರು. ಒಬ್ಬರು ಮಾತ್ರ, "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

ಮಿಸ್ತ್ರಿ ಇದ್ದಿದ್ದರೆ ಅದಕ್ಕೂ "ಬಿಡ್ರಿ" ಎನ್ನುತ್ತಿದ್ದರೇನೋ. ನನಗೆ ಬಿಡಲು ಆಗುತ್ತಿಲ್ಲ.