ಡ್ಯೂಟಿಗೆ ಮುಂಚೆ ಊದಬೇಕಿತ್ತು

ಕುಡಿತ ಬಿಡಿಸುವ ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದ ನಮ್ಮ ವಾರ್ಡಿನ ನರ್ಸ್‌ಗೆ ಆಸ್ಪತ್ರೆಯವರು ಒಂದು ಷರತ್ತು ಹಾಕಿದ್ದರು. ದಿನವೂ ಡ್ಯೂಟಿಗೆ ಮುಂಚೆ, ವಾರ್ಡಿನ ಇನ್‌ಚಾರ್ಜ್ ಆದ ನನ್ನೆದುರು, ಪೊಲೀಸರು ರಸ್ತೆಯಲ್ಲಿ ಊದಿಸುವಂಥ ಯಂತ್ರಕ್ಕೆ ಅವಳು ಊದಬೇಕು. ಒಮ್ಮೆ ಕೆಂಪು ದೀಪ ಹತ್ತಿದರೂ ಕೆಲಸ ಹೋದಂತೆಯೇ. ಈ ಪೊಲೀಸ್ ಕೆಲಸ ನನಗೆ ಒಂದು ದಿನವೂ ಹಿಡಿಸಲಿಲ್ಲ.

ಆ ಬೆಳಿಗ್ಗೆ ಚಿಕ್ಕಬಾಣಾವರದಿಂದ ಬರುವ ಅವಳ ರೈಲು ತಡವಾಗಿತ್ತು. ಯಶವಂತಪುರ ಸ್ಟೇಷನ್ನಿನಿಂದ ಓಡಿಕೊಂಡೇ ಬಂದವಳು, ರೂಢಿಯಂತೆ ಬಾಗಿಲ ಬಳಿಯ ಸ್ಯಾನಿಟೈಸರ್ ಒತ್ತಿ ಕೈ ಉಜ್ಜಿಕೊಂಡು, ಒದ್ದೆ ಕೈಯಲ್ಲೇ ಯಂತ್ರ ಹಿಡಿದು ಊದಿದಳು.

ಕೆಂಪು ದೀಪ ಹತ್ತಿತು. ಕೌಂಟರಿನಲ್ಲಿದ್ದ ನರ್ಸ್‌ಗಳೆಲ್ಲ ತಲೆ ತಗ್ಗಿಸಿದರು.

"ಮತ್ತೆ ಶುರು ಮಾಡ್ಕೊಂಡ್ಯಾ?" ಎಂದು ರೇಗಿದೆ.

"ದೇವ್ರಾಣೆ ಇಲ್ಲ ಮೇಡಂ, ಮುಟ್ಟೇ ಇಲ್ಲ."

ಯಂತ್ರ ವಾಪಸ್ ಕೊಡಲು ಅವಳು ಕೈ ಚಾಚಿದಳು. ಆ ಕೈಯಿಂದಲೇ ಸ್ಪಿರಿಟ್ ವಾಸನೆ ನನ್ನ ಮೂಗಿಗೆ ಬಡಿಯಿತು.

"ಹೋಗು, ಸೋಪ್ ಹಾಕಿ ಕೈ ತೊಳ್ಕೊಂಡು ಬಾ."

ಕೈ ಪೂರ್ತಿ ಒಣಗಿದ ಮೇಲೆ ಮತ್ತೆ ಊದಿಸಿದೆ. ಸೊನ್ನೆ ಬಂತು. ಆದರೂ ಕೌಂಟರಿನಲ್ಲಿ ಯಾರ ಮುಖದಿಂದಲೂ ಅನುಮಾನ ಹೋಗಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಅದೇ ಸ್ಯಾನಿಟೈಸರನ್ನು ಅಂಗೈಗೆ ಸುರಿದುಕೊಂಡು, ಎಲ್ಲರೆದುರೂ ನಾನೇ ಊದಿದೆ. ಕೆಂಪು ದೀಪ ಹತ್ತಿತು.

"ಏನ್ ಮೇಡಂ, ಬೆಳಿಗ್ಗೆ ಬೆಳಿಗ್ಗೆನೇ ಶುರು ಮಾಡ್ಕೊಂಡ್ರಾ?" ಎಂದು ಒಬ್ಬಳು ಕೇಳಿದಳು. ಕೌಂಟರಿನವರೆಲ್ಲ ಗೊಳ್ಳೆಂದು ನಕ್ಕರು.

ಮೊದಲು ಊದಿದವಳನ್ನು ನಾನು ಕೇಳಿದ್ದೂ ಅದೇ ಪ್ರಶ್ನೆ. ಆಗ ಯಾರೂ ನಕ್ಕಿರಲಿಲ್ಲ.