ಚೀಲದಲ್ಲೇ ಉಳಿದ ಮಾತ್ರೆ

ಶಾಂತಳನ್ನು ನಿಮ್ಮ ಮನೆಯವರು ಕೊಲ್ಲಲಿಲ್ಲ, ಮಹದೇವಪ್ಪನವರೇ. ನಾನು ಕೊಂದೆ. ಇದಕ್ಕಿಂತ ಮೆತ್ತನೆಯ ಮಾತು ಹಾಕಿದರೆ ನನಗೆ ನಾನೇ ಉಪಚಾರ ಮಾಡಿಕೊಂಡಂತೆ, ಅದಕ್ಕೇ ಇದನ್ನೇ ಹಾಕಿದ್ದೇನೆ. ಅವಳನ್ನು ಉಳಿಸಬಹುದಾಗಿದ್ದ ಮಾತ್ರೆ ನಿಮ್ಮ ಪಡಸಾಲೆಯಲ್ಲಿ ನಿಮ್ಮೆದುರಿಗೆ ಕೂತಿದ್ದಾಗ ನನ್ನ ಕೈಚೀಲದಲ್ಲಿತ್ತು — ಅದನ್ನು ಹಾಗೆಯೇ ದಾವಣಗೆರೆಗೆ ವಾಪಸು ತಂದೆ.

ನಿಮಗೆ ಗೊತ್ತಿಲ್ಲದ್ದನ್ನು ಮೊದಲು ಹೇಳುತ್ತೇನೆ. ಅವ್ವ ತೀರಿಕೊಂಡ ಮೇಲೆ ಶಾಂತಳನ್ನು ಸಾಕಿದವಳು ನಾನು. ತಂಗಿ ಅನ್ನುವುದಕ್ಕಿಂತ ಮಗಳೇ. ಅರವತ್ತರ ದಶಕದ ಮೊದಲಲ್ಲಿ, ಮದುವೆಗೆ ಮುಂಚೆಯೇ, ಅವಳಿಗೆ ಕೀಲುನೋವು ಹತ್ತಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು. ರೊಟ್ಟಿ ಬಡಿಯುವುದಿರಲಿ, ಸೀರೆಯ ನೆರಿಗೆ ಹಿಡಿಯಲೂ ಆಗದು. ನಮ್ಮ ಯಜಮಾನರ ಗಿರಣಿಯವರೊಬ್ಬರು ಹೇಳಿದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಗ ಹೊಸದಾಗಿ ಬಂದಿದ್ದ ಒಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ಕೆಲವೇ ದಿನಗಳಲ್ಲಿ ಶಾಂತ ರೊಟ್ಟಿ ಬಡಿದಳು! ನೀವೇ ದೇವರು ಎಂದು ನಾನು ಡಾಕ್ಟರಿಗೆ ಕೈ ಮುಗಿದೆ. ಅವರು ನಗಲಿಲ್ಲ.

"ಇದು ರೋಗ ತೆಗಿಯಲ್ಲಮ್ಮ, ನೋವು ತಡಿತೈತೆ ಅಷ್ಟೇ. ಆದ್ರೆ ಒಮ್ಮೆಗೇ ನಿಲ್ಲಿಸಬ್ಯಾಡ್ರಿ, ಜೀವಕ್ಕೇ ಬರ್ತೈತೆ. ಬೇರೆ ಡಾಕ್ಟರಿಗೆ ತೋರಿಸಿದ್ರೆ ಮೊದಲು ಈ ಮಾತ್ರೆ ವಿಷಯ ಹೇಳ್ರಿ."

ಇದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಶಾಂತ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ನೋವು ಇಳಿಯಿತು, ಬೇರೆಯವು ಬಂದವು. ಹಸಿವು — ಉಂಡು ಕೈ ತೊಳೆದವಳು ಮತ್ತೆ ಒಲೆಯ ಮುಂದೆ ಬಂದು ಕೂರುತ್ತಿದ್ದಳು, ನಾಚಿಕೆಯಿಂದ ಅಳುತ್ತಲೇ ತಿನ್ನುತ್ತಿದ್ದಳು. ನಿದ್ದೆ ಹಾರಿಹೋಯಿತು. ಎಲ್ಲಿ ಸ್ವಲ್ಪ ತಗುಲಿದರೂ ಚರ್ಮ ನೀಲಿಗಟ್ಟುತ್ತಿತ್ತು. ಮುಖ ಮಾತ್ರ ದಿನದಿನಕ್ಕೆ ದುಂಡಗಾಗಿ, ಕೆಂಪೇರಿ, ಉಬ್ಬಿದ ಪೂರಿಯ ಹಾಗಾಯಿತು. "ಅಕ್ಕಾ, ಈ ಮುಖ ನಂದಲ್ಲ," ಎಂದು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು. ನಾನು ನಕ್ಕುಬಿಟ್ಟೆ. "ಚಲೋ ಆತು ಬಿಡು, ಗಲ್ಲ ತುಂಬ್ಯಾವೆ," ಎಂದೆ.

ಆ ಗಲ್ಲಗಳನ್ನು ನೋಡಿಯೇ ನಿಮ್ಮ ತಾಯಿ ನಿಮಗೆಂದು ಅವಳನ್ನು ಒಪ್ಪಿದ್ದು. "ಹುಡುಗಿ ಮೈ ಕೈ ತುಂಬ್ಕೊಂಡು ಲಕ್ಷ್ಮಿ ಹಂಗೆ ಅದಾಳೆ," ಎಂದು ಬಾಯಿತುಂಬ ಹೊಗಳಿದರು. ಅದು ಔಷಧದ ಬಾವು ಎಂದು ಗೊತ್ತಿದ್ದವಳು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಮುಂದೆ ಸರಿಸಿದೆ. ಮದುವೆಗೆ ಬಳೆ ಇಡಿಸುವಾಗ ಬಳೆಗಾರ ಕೈ ಹಿಸುಕಿದಲ್ಲೆಲ್ಲ ನೀಲಿ ಎದ್ದಿತು. ಅದರ ಮೇಲೆ ದಪ್ಪಗೆ ಅರಿಶಿನ ಬಳಿದವಳೂ ನಾನೇ. ಹರಿಹರಕ್ಕೆ ಕಳಿಸುವಾಗ ಕೆಲವು ಮಾತ್ರೆಗಳನ್ನು ಸೆರಗಿಗೆ ಗಂಟು ಹಾಕಿ ಕೊಟ್ಟೆ. "ಅಲ್ಲಿ ಯಾರ ಮುಂದೂ ಬಾಯಿ ಬಿಡಬ್ಯಾಡ. ಮುಗಿಯೋದ್ರೊಳಗೆ ನಾ ತರ್ತೀನಿ," ಎಂದೆ.

ಮುಗಿಯುವ ಹೊತ್ತಿಗೆ ಹೋಗಲಿಲ್ಲ. ಮನೆಯಲ್ಲಿ ಏನೋ ಕೆಲಸವಿತ್ತು — ಏನು ಕೆಲಸ ಎಂಬುದು ಈಗ ನೆನಪೂ ಇಲ್ಲ. ಅಂಥ ಕೆಲಸ.

ಆಮೇಲೆ ನಿಮ್ಮ ತಾಯಿಯಿಂದ ಸುದ್ದಿ ಬಂತು: ಸೊಸೆಗೆ ವಾಂತಿ, ಸುಸ್ತು, ಅನ್ನ ಕಂಡರೆ ಆಗುವುದಿಲ್ಲ. ಹೊಸ ಮದುಮಗಳು ವಾಂತಿ ಮಾಡಿಕೊಂಡರೆ ಯಾರೇ ಆಗಲಿ ಇನ್ನೇನು ತಿಳಿದಾರು? ನನಗೆ ಮಾತ್ರ ಡಾಕ್ಟರ ಮಾತು ನೆನಪಾಗಿತ್ತು. ಆದರೂ ಆ ಬಸಿರಿನ ಸಂತೋಷವನ್ನೇ ನಂಬಲು ಹೊರಟೆ. ಮೇಲೆ ಮಾವಿನಕಾಯಿ ಉಪ್ಪಿನಕಾಯಿ, ಅಡಿಯಲ್ಲಿ ಮಾತ್ರೆಯ ಪೊಟ್ಟಣ — ಹೀಗೆ ಚೀಲ ತುಂಬಿಕೊಂಡು ಹರಿಹರಕ್ಕೆ ಬಂದೆ.

ಶಾಂತ ಪಡಸಾಲೆಯಲ್ಲಿ ಚಾಪೆಯ ಮೇಲಿದ್ದಳು. ಗಲ್ಲ ಹಾಗೇ ದುಂಡಗಿತ್ತು, ಕಣ್ಣು ಮಾತ್ರ ಗುಳಿಬಿದ್ದಿದ್ದವು. ನೀವು ಬಾಗಿಲಲ್ಲಿ ನಿಂತಿದ್ದಿರಿ.

"ಅಕ್ಕಾ... ಆ ಮಾತ್ರೆ ತಂದೀಯೇನೆ?"

"ಎಂಥ ಮಾತ್ರೆ?" ಎಂದರು ನಿಮ್ಮ ತಾಯಿ. "ಬಸುರಿ ಹೆಂಗಸು ಮಾತ್ರೆ ಗೀತ್ರೆ ತಗಂಬಾರ್ದು."

"ಯಾವ ಮಾತ್ರೆನೇ?" ಎಂದೆ ನಾನು.

ಶಾಂತ ನನ್ನ ಮುಖ ನೋಡಿದಳು. ಮತ್ತೆ ಕೇಳಲಿಲ್ಲ. ಬಾಯಿ ಬಿಡಬೇಡ ಎಂದು ಹೇಳಿಕೊಟ್ಟವಳೇ ಎದುರಿಗೆ ಕೂತಿದ್ದೆನಲ್ಲ... ಹೋಗುವ ಮುಂಚೆ ಕದ್ದು ಕೊಡೋಣವೆಂದಿದ್ದೆ, ನಿಮ್ಮ ತಾಯಿ ಅಲ್ಲಿಂದ ಏಳಲೇ ಇಲ್ಲ. ಇಲ್ಲ, ಇದೂ ನೆಪ. ರೋಗ ಮುಚ್ಚಿಟ್ಟು ಹುಡುಗಿಯನ್ನು ಕೊಟ್ಟರು ಎಂದು ಅವಳನ್ನು ವಾಪಸು ಕಳಿಸಿಯಾರೆಂಬ ಹೆದರಿಕೆ ನನ್ನ ಕೈ ಕಟ್ಟಿಹಾಕಿತ್ತು.

ಆದರೆ ಸ್ಟೇಷನ್ನಿನಲ್ಲಿ ನೀವು ಆ ಹೆದರಿಕೆಯನ್ನೂ ತೆಗೆದುಬಿಟ್ಟಿರಿ. ನನ್ನನ್ನು ರೈಲು ಹತ್ತಿಸಲು ಬಂದವರು ಮೆಲ್ಲಗೆ ಕೇಳಿದಿರಿ: "ಅಕ್ಕಾರೆ, ಆಕಿಗೆ ಮೊದ್ಲಿಂದ ಏನಾರ ಜಡ್ಡು ಐತೇನ್ರಿ? ಇದ್ರೆ ಹೇಳ್ರಿ. ನಾ ಏನೂ ಅನ್ನಲ್ಲ, ನೋಡ್ಕೊಂತೀನಿ."

"ಬಸುರಿ ಸಂಕಟ ಕಣ್ರಿ. ಇಷ್ಟಕ್ಕೇ ಹೆದರಿದ್ರೆ ಹೆಂಗೆ?" ಎಂದು ನಿಮ್ಮನ್ನೇ ಗೇಲಿ ಮಾಡಿ ರೈಲು ಹತ್ತಿದೆ.

ಆ ವಾರ ಕಳೆಯುವುದರೊಳಗೆ ಶಾಂತ ಹೋದಳು. ಮೊದಲಿನಿಂದ ಏನಾದರೂ ಔಷಧ ನಡೆದಿತ್ತೇ ಎಂದು ಅಲ್ಲಿಯ ಡಾಕ್ಟರು ನಿಮ್ಮನ್ನು ಕೇಳಿದರಂತೆ, ನೀವು ಇಲ್ಲ ಎಂದಿರಂತೆ. ನಾನು ಹೇಳಿದ್ದನ್ನೇ ನೀವು ಹೇಳಿದ್ದು.

ಇಷ್ಟಕ್ಕೆ ನಿಲ್ಲಿಸಿದ್ದರೆ — ಆದರೆ ಸಾವಿನ ಸುದ್ದಿ ಕೇಳಿ ಬಂದು ನಿಮ್ಮ ಅಂಗಳಕ್ಕೆ ಕಾಲಿಟ್ಟವಳೇ ಎರಡೂ ಕಡೆಯ ನೆಂಟರ ನಡುವೆ ಕೂಗಿದೆ: "ಹೊಳೆ ನೀರು ಹೊರಿಸಿ ಹೊರಿಸಿ ನಮ್ಮ ಹುಡುಗಿನ ಕೊಂದ್ರಲ್ಲೋ!" ಯಾರಾದರೂ ನನ್ನನ್ನು ಕೇಳುವ ಮೊದಲೇ ನಾನು ಕೂಗಬೇಕಾಗಿತ್ತು. ನೀವು ತಲೆ ಎತ್ತಿ ನನ್ನನ್ನು ನೋಡಿದಿರಿ. "ನಾ ನಿಮ್ಮನ್ನ ಕೇಳಿದ್ನಲ್ರಿ," ಎಂದಿದ್ದರೆ ಸಾಕಿತ್ತು, ನಾನು ಅಲ್ಲೇ ಕುಸಿಯುತ್ತಿದ್ದೆ. ಸತ್ತವಳ ಅಕ್ಕ ಎಂದು ಸುಮ್ಮನಿದ್ದಿರಿ.

ನನ್ನ ಆ ಒಂದು ಕೂಗು ಊರೂರು ತಿರುಗಿತು. ಸುತ್ತಲಿನ ಊರುಗಳಲ್ಲಿ ಹದಡಿಯ ಕಡೆಯಿಂದಾಗಲಿ ಆನೆಕೊಂಡದಿಂದಾಗಲಿ ನಿಮಗೆ ಯಾರೂ ಹೆಣ್ಣು ಕೊಡಲಿಲ್ಲ. ನಾನು ತಂದ ಉಪ್ಪಿನಕಾಯಿಯನ್ನು ಸೊಸೆಗೆಂದು ಎತ್ತಿಟ್ಟ ನಿಮ್ಮ ತಾಯಿ, ಸೊಸೆಯನ್ನು ಕೊಂದವಳೆಂದು ಕರೆಸಿಕೊಂಡೇ ಸತ್ತರು. ಜನ ಹಾಗೆ ಅನ್ನುವಾಗ ನಾನು ಅಲ್ಲೇ ಕೂತು ಕೇಳಿದ್ದೇನೆ, ತಲೆಯನ್ನೂ ಆಡಿಸಿದ್ದೇನೆ. ಅವರ ಕಾಲು ಹಿಡಿಯಲು ಈಗ ಅವರೇ ಇಲ್ಲ.

ಬರುವ ಸೋಮವಾರ ಹರಿಹರಕ್ಕೆ ಬರುತ್ತೇನೆ. ಆವತ್ತು ನನ್ನ ಕೂಗು ಕೇಳಿದವರಲ್ಲಿ ಉಳಿದವರನ್ನು ಕರೆಸಿರಿ. ಕೂಗಿದ ಜಾಗದಲ್ಲೇ ನಿಂತು, ಅಷ್ಟೇ ಗಟ್ಟಿಯಾಗಿ, ಇದಿಷ್ಟನ್ನೂ ಹೇಳುತ್ತೇನೆ. ನೀವು ಮನಸ್ಸು ತಡೆಯದೆ, "ಬರ್ರಿ ಅಕ್ಕಾರೆ, ಒಳಗ ಕೂಡ್ರಿ," ಎಂದುಬಿಡುತ್ತೀರಿ, ನಿಮ್ಮನ್ನು ಬಲ್ಲೆ. ದಯವಿಟ್ಟು ಕರೆಯಬೇಡಿ. ನಾನು ಹೇಳಿ ಮುಗಿಸಿ ಅಂಗಳದಿಂದಲೇ ಹೋಗುತ್ತೇನೆ.