ಮನ್ಮನೆಗೆ ಎರಡು ಸಲ

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಅಡಿಕೆ ಸುಲಿಯುವ ಹಂಗಾಮು. ಶಿರಸಿಯಿಂದ ಬೆಳಗಿನ ಬಸ್ಸು ಹತ್ತಿ ನಾನೂ ಗೆಳತಿ ನಸೀಮಾಳೂ ಸಿದ್ದಾಪುರದಲ್ಲಿ ಇಳಿದೆವು. ಕೈಯಲ್ಲಿ ಆರೋಗ್ಯ ಮತ್ತು ಉದ್ಯೋಗ ಸಮೀಕ್ಷೆಯ ಫಾರಮ್ಮುಗಳ ಕಟ್ಟು. ದುಡಿಮೆಯಿಂದ ನೋವು ಬಂದವರು ಹೆಚ್ಚಿರುವ ಊರಿಗೆ ತಿಂಗಳಿಗೊಮ್ಮೆ ಡಾಕ್ಟರನ್ನು ಕಳಿಸುತ್ತೇವೆಂದು ಸಮೀಕ್ಷೆ ಮಾಡಿಸುತ್ತಿದ್ದ ನಮ್ಮ ಸಂಘದವರು ಹೇಳಿದ್ದರು. ಹೋಟೆಲಿನಲ್ಲಿ ಬಿಸಿ ಬನ್ಸ್ ತಿಂದು ಹತ್ತಿರದ ಮನ್ಮನೆ ಎಂಬ ಹಳ್ಳಿಗೆ ಹೊರಟೆವು.

ಮೊದಲ ಮನೆ ಗಂಗಕ್ಕನದು. ಅವರಿಗೆ ನೋವಿನಿಂದ ಬಲಗೈ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಉದ್ಯೋಗ ಏನೆಂದು ಕೇಳಿದೆ.

"ಎಂಗೆಂತ ಉದ್ಯೋಗ ತಂಗಿ? ಮನೇಲೇ ಇರದು."

"ಅವ್ಳಿಗೆ ಎಂತ ಕೆಲ್ಸ?" ಎಂದು ಅವರ ಯಜಮಾನರೂ ಜಗಲಿಯಿಂದ ದನಿಗೂಡಿಸಿದರು.

'ಉದ್ಯೋಗ ಇಲ್ಲ' ಎಂದು ಬರೆದುಕೊಂಡೆ. ಊರ ಹೆಂಗಸರದೆಲ್ಲ ಅದೇ ಉತ್ತರ. ಬೇಗ ಮುಗಿಯಿತೆಂದು ನನಗೆ ಖುಷಿಯೋ ಖುಷಿ!

ಮರುದಿನ ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿ. ಅಂಗಳದಲ್ಲಿ ಮೆಟ್ಟುಗತ್ತಿಯ ಮಣೆಯ ಮೇಲೆ ಕೂತು ಸರಸರ ಅಡಿಕೆ ಸುಲಿಯುತ್ತಿದ್ದ ಹೆಂಗಸೊಬ್ಬರು ಕೈ ನಿಲ್ಲಿಸದೆಯೇ, "ಕೆಲ್ಸ ಎಂತದೂ ಇಲ್ಲೆ" ಎಂದರು. ನಾನು ಬರೆಯಹೊರಟೆ. ನಸೀಮಾ ಪೆನ್ನು ಕಸಿದುಕೊಂಡಳು.

"ಏನ್ ಮಾರಾಯ್ತಿ, ಕಣ್ಣು ಶಿರಸೀಲೇ ಬಿಟ್ಟು ಬಂದ್ಯಾ? ಅವ್ರ ಕೈ ನೋಡು!"

ನನಗೆ ನಾಚಿಕೆಯಾಯಿತು. ನಾನು ತೋಟದ ಮನೆಯಲ್ಲೇ ಹುಟ್ಟಿದವಳು. ಅಮ್ಮ ಅಡಿಕೆ ಸುಲಿಯುವುದನ್ನು ನೋಡುತ್ತಲೇ ಬೆಳೆದಿದ್ದೆ. ಅದು ಕೆಲಸವೆಂದು ಒಮ್ಮೆಯೂ ಹೊಳೆದಿರಲಿಲ್ಲ. ನಸೀಮಾಳ ಅಪ್ಪ ಲಾರಿ ಚಾಲಕರು, ಅವಳಿಗೆ ತೋಟದ ಗಂಧವಿಲ್ಲ. ಅದಕ್ಕೇ ಅವಳ ಕಣ್ಣಿಗೆ ಬಿತ್ತು. 'ಉದ್ಯೋಗ ಇಲ್ಲ' ಎಂದು ಬರೆದು ಗಂಗಕ್ಕನ ಕೈಗೆ ಡಾಕ್ಟರು ಸಿಗದ ಹಾಗೆ ಮಾಡಿದವಳು ನಾನೇ.

ಮೂರನೆಯ ದಿನ ಎರಡು ಬಸ್ಸು ಬದಲಿಸಿ ಮತ್ತೆ ಮನ್ಮನೆ. ಗಂಗಕ್ಕನ ಮನೆಯಿಂದಲೇ ಮತ್ತೆ ಶುರು. ಈ ಸಲ ಉದ್ಯೋಗದ ಮಾತೇ ಎತ್ತಲಿಲ್ಲ. "ಗಂಗಕ್ಕಾ, ನಿನ್ನೆ ಎದ್ದಾಗಿಂದ ಎಂತೆಂತ ಮಾಡ್ದೆ?" ಎಂದೆ. ಕೊಟ್ಟಿಗೆ ಬಳಿದದ್ದು, ಹಾಲು ಕರೆದದ್ದು, ದೋಸೆ ಹೊಯ್ದದ್ದು, ಅಡಿಕೆ ಸುಲಿದದ್ದು, ಬೇಯಿಸಿದ್ದು, ಒಣಹಾಕಿದ್ದು... ಜಾಗ ಸಾಲದೆ ಫಾರಮ್ಮಿನ ಹಿಂಬದಿಗೂ ಬರೆದೆ. ಪೂರ್ತಿ ಓದಿ ಹೇಳಿದೆ.

ಗಂಗಕ್ಕ ತನ್ನನ್ನೇ ತೋರಿಸಿಕೊಂಡರು. "ಅಯ್ಯೋ, ಇಷ್ಟೆಲ್ಲಾ ಆನೇ ಮಾಡಿದ್ದಾ! ಹಂಗಾರೆ ಕೈ ನೋಯದೇ ಮತ್ತೆಂತ ಮಾಡ್ತು?"

'ದುಡಿಮೆಯಿಂದ ಬಂದ ಕೈನೋವು' ಎಂದು ದೊಡ್ಡದಾಗಿ ಬರೆದೆ. ಎದ್ದು ಹೊರಡುವಾಗ ಜಗಲಿಯಿಂದ ಯಜಮಾನರು ಕೆಮ್ಮಿದರು.

"ಅವ್ಳು ಸಂಜೆ ಬೆಟ್ಟದಿಂದ ಸೊಪ್ಪಿನ ಹೊರೆ ತಂದಿದ್ದು ಬಿಟ್ಟೋತು. ಅದ್ನೂ ಬರ್ಕ."

ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟು ಅವರತ್ತ ತಿರುಗಿದರು.

"ಹಂಗಾರೆ ಇಷ್ಟ್ ವರ್ಷ ಇದೆಲ್ಲಾ ನಿಮ್ಗೆ ಕಾಣ್ತಿತ್ತು!"